ಮ್ಯಾಟ್ ಮೇಲಿಟ್ಟು ಹೊಡೆದರೆ ಅದು ಗಾಲ್ಫಾ?

ನಾನು ಗಾಲ್ಫ್ ಕಲಿತದ್ದು ಬೆಂಗಳೂರಿನಲ್ಲಿ ಹೊಡೆತ ಅಭ್ಯಾಸ ಮಾಡುವ ಒಂದು ಡ್ರೈವಿಂಗ್ ರೇಂಜಿನಲ್ಲಿ, ರಬ್ಬರ್ ತಳದ ಹಸಿರು ಮ್ಯಾಟ್ ಮೇಲೆ ನಿಂತು. ಕೆಲಸಕ್ಕಾಗಿ ಸ್ಕಾಟ್ಲೆಂಡಿನ ಡಂಡೀಗೆ ಬಂದ ಮೇಲೆ ಟೇ ನದಿಯ ಆಚೆ ದಡಕ್ಕೆ, ಫೈಫ್ ಸೀಮೆಯ ಕಡಲತೀರದ ಕೋರ್ಸಿಗೆ ಆಡಲು ಹೋಗತೊಡಗಿದೆ. ಬೇಸಿಗೆಯಿಡೀ ನಿಜವಾದ ಹುಲ್ಲಿನ ಮೇಲೆ ಆಡಿ, ಆ ಮ್ಯಾಟಿನ ಸಹವಾಸ ತಪ್ಪಿತು ಅಂದುಕೊಂಡಿದ್ದೆ. ನವೆಂಬರಿನಲ್ಲಿ ಕ್ಲಬ್ಬಿನವರು ಕೈಗೆ ಮತ್ತೆ ಒಂದು ಮ್ಯಾಟ್ ಕೊಟ್ಟರು. ಶಾಲೆಯ ನೋಟ್‌ಬುಕ್ಕಿನಷ್ಟು ಅಗಲ, ಬ್ಯಾಗಿಗೆ ನೇತುಹಾಕಲು ಒಂದು ದಾರ. ಫೇರ್‌ವೇಯಲ್ಲಿ ಅಂದರೆ ಹುಲ್ಲು ಗಿಡ್ಡವಾಗಿ ಕತ್ತರಿಸಿದ ಆಟದ ಹಾದಿಯಲ್ಲಿ, ಚೆಂಡು ಎಲ್ಲಿ ಬಿದ್ದರೂ ಎತ್ತಿ ಇದರ ಮೇಲಿಟ್ಟು ಹೊಡೆಯಬೇಕು.

ನನಗೆ ಒಪ್ಪಿಗೆಯಾಗಲಿಲ್ಲ. ಚೆಂಡು ಬಿದ್ದಲ್ಲಿಂದಲೇ ಆಡು ಅನ್ನುವುದು ಈ ಆಟದ ಮೊದಲ ಮಾತು. ಅದನ್ನೇ ಬಿಟ್ಟರೆ ಉಳಿಯುವುದೇನು?

ನನ್ನ ಜೊತೆ ಆಡುವವರು ಇದೇ ಊರಿನ ನಿವೃತ್ತ ಮೇಷ್ಟ್ರು. ಅವರು ವಾದ ಮಾಡಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ನನ್ನನ್ನು ಫೇರ್‌ವೇ ಮಧ್ಯಕ್ಕೆ ಕರೆದುಕೊಂಡು ಹೋಗಿ, "ಇಲ್ಲಿ ನೋಡು" ಅಂದರು. ಐರನ್ ಅನ್ನುವ ಲೋಹದ ತಲೆಯ ಕೋಲಿನಿಂದ ಹೊಡೆದಾಗ ಹುಲ್ಲಿನ ಹೆಂಟೆ ಕಿತ್ತು ಬರುತ್ತದಲ್ಲ, ಅದನ್ನು ಡಿವಟ್ ಅನ್ನುತ್ತಾರೆ. ಅಕ್ಟೋಬರಿನಲ್ಲಿ ಕಿತ್ತ ಗಾಯಗಳು ಹಾಗೇ ಇದ್ದವು. ಒಳಗೆ ಮರಳು ಕಾಣುತ್ತಿತ್ತು. ಮಣ್ಣಿನ ಬಿಸಿ 5–6 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲಿನ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇಲ್ಲಿನ ಫೆಸ್ಕ್ಯೂ ಹುಲ್ಲಂತೂ ಬೇಸಿಗೆಯಲ್ಲೂ ನಿಧಾನ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ದಾಟಿದ ಮೇಲೆ, ಮಧ್ಯಾಹ್ನ ಮೂರೂವರೆ ದಾಟುತ್ತಲೇ ಮುಳುಗುತ್ತಾನೆ. ಹುಲ್ಲು ಯಾವಾಗ ಬೆಳೆಯಬೇಕು ಹೇಳಿ? ಅದೂ ಅಲ್ಲದೆ ಎಲ್ಲರ ಚೆಂಡೂ ಉರುಳಿ ಬಂದು ನಿಲ್ಲುವುದು ಅದೇ ನಾಲ್ಕಾರು ತಗ್ಗುಗಳಲ್ಲಿ. ಚಳಿಗಾಲವಿಡೀ ಅಲ್ಲೇ ಕೀಳುತ್ತಾ ಹೋದರೆ ಏಪ್ರಿಲ್ ಹೊತ್ತಿಗೆ ಆ ಜಾಗದಲ್ಲಿ ಹುಲ್ಲೇ ಇರುವುದಿಲ್ಲ.

ಫೈಫಿನ ಸೇಂಟ್ ಆಂಡ್ರೂಸ್ ಊರಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸಿನಲ್ಲೂ ಚಳಿಗಾಲಕ್ಕೆ ಮ್ಯಾಟ್ ಇದೆ ಅಂತ ಗೊತ್ತಾದಾಗ ನನ್ನ ಬಿಗುಮಾನ ಸ್ವಲ್ಪ ಇಳಿಯಿತು. ಜಗತ್ತಿನಲ್ಲೇ ಅತ್ಯಂತ ಹಳೆಯದೆನ್ನುವ ಆ ನೆಲಕ್ಕೆ ಭಾನುವಾರ ಆಟದಿಂದ ರಜೆ. ಜನ ನಾಯಿ ಕಟ್ಟಿಕೊಂಡು ಅದರ ಮೇಲೆ ಓಡಾಡುತ್ತಾರೆ. ನೆಲಕ್ಕೆ ಬಿಡುವು ಬೇಕು ಅನ್ನುವುದು ಅಲ್ಲಿಯವರಿಗೆ ಹೊಸ ಮಾತೇನಲ್ಲ. ಜನವರಿಯಲ್ಲಿ ಒಮ್ಮೆ ನಾನೂ ಅಲ್ಲಿ ಮ್ಯಾಟ್ ಹಾಕಿಯೇ ಆಡಿದೆ. ಅಲ್ಲಿನ ಹೆಸರಾಂತ ಪುಟ್ಟ ಕಲ್ಲುಸೇತುವೆ ಸ್ವಿಲ್ಕನ್ ದಾಟುವಾಗ ಕೈಯಲ್ಲಿ ಆ ಮ್ಯಾಟ್ ಇತ್ತು ಅಂತ ಈಗ ಬೇಸರವಿಲ್ಲ.

ಹುಲ್ಲಿನ ದೃಷ್ಟಿಯಿಂದ ಸರಿ. ಆದರೆ ಆಡುವವರ ನಡುವೆ ಇದು ನ್ಯಾಯವಾ? ಅದನ್ನು ತಿಳಿಯಬೇಕು ಅಂತ ಮೂರು ತಿಂಗಳು ಪ್ರತಿ ಸುತ್ತಿನ ನಂತರ ಬರೆದಿಟ್ಟೆ. ಮ್ಯಾಟಿನಿಂದ ಯಾವ ಹೊಡೆತಕ್ಕೆ ಅನುಕೂಲವಾಯಿತು, ಯಾವುದಕ್ಕೆ ತೊಂದರೆಯಾಯಿತು, ಇಷ್ಟೇ.

ಅನುಕೂಲ ಜಾಸ್ತಿ ನನ್ನಂಥವರಿಗೇ. ನನ್ನ ದೊಡ್ಡ ತಪ್ಪು ಚೆಂಡಿಗಿಂತ ಹಿಂದೆ ನೆಲಕ್ಕೆ ಹೊಡೆಯುವುದು. ಹುಲ್ಲಿನಲ್ಲಾದರೆ ಕ್ಲಬ್, ಅಂದರೆ ಹೊಡೆಯುವ ಕೋಲು, ಮಣ್ಣಿಗೆ ಕಚ್ಚಿಕೊಂಡು ಚೆಂಡು ಅರ್ಧ ದಾರಿಯಲ್ಲೇ ಬೀಳುತ್ತದೆ. ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ತಗಲುತ್ತದೆ. ತಪ್ಪು ಮುಚ್ಚಿಹೋಗುತ್ತದೆ. ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರದ ಚಿಕ್ಕ ಚಿಪ್ ಹೊಡೆತದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕಡಲತೀರದ ನೆಲ ಗಟ್ಟಿ, ಹುಲ್ಲು ಗಿಡ್ಡ. ಅಲ್ಲಿಂದ ವೆಜ್ ಅನ್ನುವ ಕೋಲಿನಲ್ಲಿ ಚೆಂಡೆತ್ತಲು ಕೈ ಪಳಗಿರಬೇಕು. ಮ್ಯಾಟ್ ಮೇಲೆ ಎದ್ದು ಕೂತ ಚೆಂಡನ್ನು ಯಾರು ಬೇಕಾದರೂ ಎತ್ತಿಬಿಡಬಹುದು. ಮೇಷ್ಟ್ರು ನಲವತ್ತು ವರ್ಷ ಬೆಳೆಸಿಕೊಂಡ ಕೈಚಳಕಕ್ಕೆ ಚಳಿಗಾಲದಲ್ಲಿ ಬೆಲೆಯೇ ಇಲ್ಲ. ಇದು ನನಗೆ ನಿಜಕ್ಕೂ ಅನ್ಯಾಯ ಅನ್ನಿಸಿತು.

ಇನ್ನೊಂದು ವಿಷಯ ನಾನು ತಡವಾಗಿ ಗಮನಿಸಿದೆ. ಮ್ಯಾಟಿಗೆ ನೇರವಾದ ಅಂಚಿದೆ. ಅದನ್ನು ಗುರಿಯ ಕಡೆಗೆ ಸರಿಯಾಗಿ ತಿರುಗಿಸಿ ಇಟ್ಟರೆ, ಕಾಲು ಎಲ್ಲಿಡಬೇಕು ಅಂತ ಆ ಅಂಚೇ ತೋರಿಸುತ್ತದೆ. 2019ರ ನಿಯಮಗಳಿಂದೀಚೆಗೆ, ಕಾಲನ್ನು ಗುರಿಗೆ ಸರಿಹೊಂದಿಸಲು ನೆಲದ ಮೇಲೆ ಕ್ಲಬ್ ಇಟ್ಟು ನಿಂತರೆ ಎರಡು ಹೊಡೆತ ದಂಡ. ಹೊಡೆಯುವ ಮುನ್ನ ಅದನ್ನು ತೆಗೆದರೂ, ನಿಂತ ಜಾಗ ಬಿಟ್ಟು ಸರಿದರೂ ದಂಡ ತಪ್ಪುವುದಿಲ್ಲ. ಕ್ಲಬ್ ಇಡಬಾರದು, ಆದರೆ ಮ್ಯಾಟ್ ಇಡಲೇಬೇಕು! ಅವತ್ತಿನಿಂದ ನಾನು ಬೇಕಂತಲೇ ಸ್ವಲ್ಪ ಓರೆಯಾಗಿ ಇಡುತ್ತೇನೆ.

ಹಾಗಂತ ಮ್ಯಾಟಿನಿಂದ ಎಲ್ಲವೂ ಸಲೀಸಲ್ಲ. ಇಳಿಜಾರಿನಲ್ಲಿ ಚೆಂಡು ಮ್ಯಾಟಿನಿಂದ ಉರುಳಿಬಿಡುತ್ತದೆ. ಗಾಳಿ ಬೀಸುವ ದಿನ ಮೂಲೆಗೆ ಟೀ (ಚೆಂಡಿಡುವ ಪುಟ್ಟ ಗೂಟ) ಚುಚ್ಚದಿದ್ದರೆ ಹೊಡೆದ ಮೇಲೆ ಮ್ಯಾಟ್ ಹುಡುಕಿಕೊಂಡು ಹೋಗಬೇಕು. ಒಮ್ಮೆ ಮರೆತು ಬಂದು, ಅರ್ಧ ಫೇರ್‌ವೇ ವಾಪಸ್ ನಡೆದಿದ್ದೇನೆ. ನೆಲ ಹೆಪ್ಪುಗಟ್ಟಿದ ದಿನ ಮಣಿಕಟ್ಟಿಗೆ ಬೀಳುವ ಪೆಟ್ಟಂತೂ ಮೊಣಕೈವರೆಗೆ ಏರುತ್ತದೆ. ಮೊದಲ ಚಳಿಗಾಲ ನಾನು ಬೇಸಿಗೆಯ ಹಾಗೇ ಮೇಲಿನಿಂದ ಕೆಳಕ್ಕೆ ಬಲವಾಗಿ ಹೊಡೆದು ಎರಡು ವಾರ ಕೈನೋವು ಅನುಭವಿಸಿದೆ. ಈಗ ಕಸ ಗುಡಿಸಿದ ಹಾಗೆ ಹೊಡೆಯುತ್ತೇನೆ. ಉದ್ದದ ಐರನ್ ಬದಲು ಹೈಬ್ರಿಡ್ ಅನ್ನುವ ಕೋಲು ತೆಗೆಯುತ್ತೇನೆ. ಅದರ ತಳ ಅಗಲ, ಮ್ಯಾಟಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ನನ್ನ ಚೀಟಿಗಳನ್ನು ಮೇಷ್ಟ್ರಿಗೆ ತೋರಿಸಿದೆ. ಇಬ್ಬರೂ ಕೂತು ನಮ್ಮ ಶನಿವಾರದ ಗುಂಪಿಗೆ ಕೆಲವು ಮಾತು ಗೊತ್ತುಮಾಡಿಕೊಂಡೆವು. ಎಲ್ಲರದೂ ಕ್ಲಬ್ಬಿನವರು ಕೊಟ್ಟ ತೆಳ್ಳನೆಯ ಮ್ಯಾಟೇ ಆಗಿರಬೇಕು. ಕೆಲವರು ದಪ್ಪನೆಯದು ತಂದು ಚೆಂಡನ್ನು ಇನ್ನೂ ಮೇಲೆ ಕೂರಿಸುತ್ತಿದ್ದರು. ಮ್ಯಾಟಿನ ತೂತಿಗೆ ಟೀ ಚುಚ್ಚಿ ಅದರ ಮೇಲೆ ಚೆಂಡಿಡುವಂತಿಲ್ಲ. ಚೆಂಡು ಎಲ್ಲಿತ್ತೋ ಅಲ್ಲೇ ಮ್ಯಾಟ್, ಚೆನ್ನಾಗಿರುವ ಜಾಗಕ್ಕೆ ಎರಡು ಹೆಜ್ಜೆ ಸರಿಯುವುದು ಬೇಡ. ಗ್ರೀನ್ ಸುತ್ತ ಮ್ಯಾಟ್ ಬಿಟ್ಟು, ಚೆಂಡು ಉರುಳಿಸುವ ಕೋಲಾದ ಪಟರ್‌ನಲ್ಲೇ ಉರುಳಿಸಬೇಕು. ಪಟರ್ ಹುಲ್ಲು ಕೀಳುವುದಿಲ್ಲವಾದ್ದರಿಂದ ಕ್ಲಬ್ಬಿನವರಿಗೂ ಅಭ್ಯಂತರವಿಲ್ಲ. ಈ ಕೊನೆಯದರಿಂದ ನನಗೆ ನಷ್ಟ, ಆದರೂ ನಾನೇ ಹೇಳಿದ್ದು. ಎಲ್ಲರ ಕೈಯಲ್ಲೂ ಒಂದೇ ಪಟರ್ ಇದ್ದರೆ ಚಿಪ್ ಹೊಡೆತ ಪುಕ್ಕಟೆ ಸಿಗುವುದು ತಪ್ಪುತ್ತದೆ.

ಹೀಗೆ ಆಡಿದರೆ ಒಂದೇ ದಿನ ಆಡುವ ನಮ್ಮ ನಡುವೆ ಲೆಕ್ಕ ಸಮ ಅಂತ ನಾನು ನಂಬಿದ್ದೇನೆ. ಚಳಿಗಾಲದ ಅಂಕವನ್ನು ನನ್ನ ಬೇಸಿಗೆಯ ಅಂಕದ ಪಕ್ಕ ಇಡುವುದನ್ನು ಮಾತ್ರ ಬಿಟ್ಟಿದ್ದೇನೆ. ಅವೆರಡೂ ಬೇರೆ ಬೇರೆ ಆಟ.

ಮೇಷ್ಟ್ರು ಪೂರ್ತಿ ಒಪ್ಪಿಲ್ಲ. ನಮ್ಮ ಕ್ಲಬ್ಬಿನಲ್ಲಿ ಮ್ಯಾಟ್ ಬೇಡದವರು ಚೆಂಡನ್ನು ಫೇರ್‌ವೇ ಬದಿಯ ಉದ್ದ ಹುಲ್ಲಿಗೆ ತೆಗೆದುಕೊಂಡು ಹೋಗಿ ಆಡಬಹುದು. ಅವರು ಪ್ರತಿ ಸಲ ಅದನ್ನೇ ಮಾಡುತ್ತಾರೆ. ಒದ್ದೆ ಹುಲ್ಲಿನಲ್ಲಿ ಮುಳುಗಿದ ಚೆಂಡನ್ನು ಎಂಟನೇ ನಂಬರ್ ಐರನ್‌ನಿಂದ ಹೊರಗೆಳೆಯುತ್ತಾರೆ. ನಾನು ಇಪ್ಪತ್ತು ಹೆಜ್ಜೆ ಆಚೆ ಮ್ಯಾಟ್ ಹಾಸಿ ಕಾಯುತ್ತಿರುತ್ತೇನೆ. ಈ ಚಳಿಗಾಲ ಇಲ್ಲಿವರೆಗೆ ಅವರು ಎರಡು ಪಂದ್ಯ ಮುಂದಿದ್ದಾರೆ.