ತೆಂಗಿನ ನಾರಿನ ಪಿಪಿ ಮೋಲ್ಡಿಂಗ್: ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಚಿಕ್ಕ ಇಂಜೆಕ್ಷನ್ ಮೋಲ್ಡಿಂಗ್ ಶಾಪು, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಮೋಲ್ಡ್ ಅನ್ನೋ ಅಚ್ಚಿಗೆ ನುಗ್ಗಿಸಿ ವಸ್ತು ಮಾಡುವ ಕೆಲಸ. ಹೂಕುಂಡದ ಆರ್ಡರ್ ಕೊಟ್ಟವರು ಪ್ಲಾಸ್ಟಿಕ್ ಕಡಿಮೆ ಇರಲಿ, ನಾರು ಕಣ್ಣಿಗೆ ಕಾಣಲಿ ಅಂದರು. ಹಾಗಾಗಿ ತೂಕದಲ್ಲಿ 30% ತೆಂಗಿನ ನಾರು ಬೆರೆಸಿದ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಗ್ರ್ಯಾನ್ಯೂಲ್ಸ್, ಅಂದರೆ ಕಾಳು, ತರಿಸಿದೆವು. ಬಿಡಿ ನಾರನ್ನೇ ಮೆಷಿನ್ ಮೇಲೆ ಕಾಳು ಸುರಿಯುವ ಹಾಪರ್‌ಗೆ ಸುರಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅದು ಹತ್ತಿಯ ಹಾಗೆ ಉಬ್ಬಿ ಅಲ್ಲೇ ಕಟ್ಟಿಕೊಳ್ಳುತ್ತದೆ, ತಿರುಗುತ್ತಾ ಮೆಟೀರಿಯಲ್ ಮುಂದೆ ತಳ್ಳುವ ಸ್ಕ್ರೂಗೆ ಇಳಿಯೋದೇ ಇಲ್ಲ.

ಸಾದಾ ಪಿಪಿಯನ್ನು ನಾವ್ಯಾರೂ ಒಣಗಿಸಲ್ಲ, ಅಲ್ವಾ? ಇಲ್ಲಿ ಆ ಅಭ್ಯಾಸ ನಡೆಯಲ್ಲ. ನಾರು ಗಾಳಿಯಿಂದಲೇ ತನ್ನ ತೂಕದ ಸುಮಾರು 10% ನೀರು ಹಿಡಿದಿಟ್ಟುಕೊಳ್ಳುತ್ತದೆ. ಗ್ರ್ಯಾನ್ಯೂಲ್ ಆದ ಮೇಲೂ ಕತ್ತರಿಸಿದ ತುದಿಯಿಂದ ಮತ್ತೆ ಹೀರುತ್ತದೆ. ಅದೆಲ್ಲ ಸ್ಕ್ರೂ ಸುತ್ತಲಿನ ಬಿಸಿ ಕೊಳವೆಯಾದ ಬ್ಯಾರಲ್‌ನಲ್ಲಿ ಆವಿಯಾಗಿ ಪೀಸ್ ಮೇಲೆ ಬೆಳ್ಳಿ ಗೆರೆ, ಒಳಗೆ ಗುಳ್ಳೆ, ಬ್ಯಾರಲ್ ತುದಿಯ ನಾಝಲ್‌ನಿಂದ ಸೋರಿಕೆ. 100 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಓಡಿಸಿ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟು ಊಟಕ್ಕೆ ಹೋಗಬೇಡಿ.

ನಿಜವಾದ ಜಗಳ ಶಾಖದ್ದು. ಪಿಪಿ ಕರಗೋದು 165 ಡಿಗ್ರಿ ಹತ್ತಿರ, 200 ದಾಟಿದರೆ ನಾರು ಸುಡೋಕೆ ಶುರು, ಬಣ್ಣ ಕಡು ಕಂದು, ಶಾಪೆಲ್ಲ ಸುಟ್ಟ ವಾಸನೆ. ಸೆಟ್ಟಿಂಗ್ 185 ಇಟ್ಟರೂ ಸುಡುತ್ತಿತ್ತು. ಪರ್ಜ್ ಮಾಡಿದ, ಅಂದರೆ ಬ್ಯಾರಲ್ ಖಾಲಿ ಮಾಡಲು ಹೊರಗೆ ತಳ್ಳಿದ, ಮುದ್ದೆಗೆ ಸೂಜಿ ಥರ್ಮೋಮೀಟರ್ ಚುಚ್ಚಿ ನೋಡಿದರೆ 200ಕ್ಕಿಂತ ಜಾಸ್ತಿ! ಹೀಟರ್ ಕೊಟ್ಟ ಶಾಖ ಅಲ್ಲ ಅದು, ಸ್ಕ್ರೂ ತಿರುಗಿ ಉಜ್ಜಿದ್ದು, ಮೋಲ್ಡ್ ಒಳಗೆ ಹೋಗುವ ಚಿಕ್ಕ ಬಾಯಿಯಾದ ಗೇಟಲ್ಲಿ ನುಗ್ಗುವಾಗ ಇನ್ನೊಂದಿಷ್ಟು. ಹಾಗಾಗಿ ಹೀಟರ್ ಇಳಿಸುತ್ತಾ ಹೋದರೆ ಮೆಟೀರಿಯಲ್ ಗಟ್ಟಿಯಾಗಿ ಘರ್ಷಣೆಯೇ ಹೆಚ್ಚುತ್ತದೆ. ಸ್ಕ್ರೂ ಸ್ಪೀಡ್ ಇಳಿಸಿ, ಬ್ಯಾಕ್ ಪ್ರೆಶರ್ (ಸ್ಕ್ರೂ ಹಿಂದೆ ಸರಿಯುವಾಗ ತಡೆಯುವ ಒತ್ತಡ) ಆದಷ್ಟು ಕಡಿಮೆ ಮಾಡಿ, ಸೂಜಿ ತೂತಿನಂಥ ಆ ಪಿನ್ ಗೇಟನ್ನು ದೊಡ್ಡದು ಮಾಡಿಸಿದ ಮೇಲೇ ಬಣ್ಣ ತಹಬಂದಿಗೆ ಬಂತು. ನಾರು ತುಂಡಾಗೋದೂ ಕಡಿಮೆಯಾಯಿತು. ದೊಡ್ಡ ಮೆಷಿನ್‌ನಲ್ಲಿ ಚಿಕ್ಕ ಪೀಸ್ ಹೊಡೆದರೆ ಮೆಟೀರಿಯಲ್ ಬ್ಯಾರಲ್‌ನಲ್ಲೇ ಕೂತು ಬೇಯುತ್ತದೆ, ಅದನ್ನೂ ನೋಡಿಕೊಳ್ಳಿ.

ಕುಂಡ ಬಿರುಕು ಬಿಟ್ಟಿದ್ದು ಮಾತ್ರ ತಳದ ನೀರಿನ ತೂತುಗಳ ಹಿಂದೆ. ತೂತು ಬರಲೆಂದು ಮೋಲ್ಡ್ ಒಳಗಿಟ್ಟ ಪಿನ್ನನ್ನು ಸುತ್ತಿ ಬಂದ ಎರಡು ಹರಿವು ಸೇರುವ ಜಾಗದಲ್ಲಿ ನಾರು ಅತ್ತಿಂದಿತ್ತ ದಾಟಲ್ಲ, ಬರೀ ಪಿಪಿ ಅಂಟಿರುತ್ತದೆ. ಪಿನ್ ತೆಗೆಸಿ, ತೂತನ್ನು ಆಮೇಲೆ ಡ್ರಿಲ್ ಮಾಡಿದೆವು. ಜೊತೆಗೆ ಪಿಪಿಗೂ ನಾರಿಗೂ ಬೆಸುಗೆ ಹಾಕುವ ಮ್ಯಾಲೇಯಿಕ್ ಪಿಪಿ ಹಾಕಿದ್ದೀರಾ ಅಂತ ನಾರು, ಪಿಪಿ ಬೆರೆಸಿ ಗ್ರ್ಯಾನ್ಯೂಲ್ ಮಾಡುವವರನ್ನು ಕೇಳಿ. ಅದಿಲ್ಲದಿದ್ದರೆ ನಾರು ಸುಮ್ನೆ ಕಸದ ಹಾಗೆ ಒಳಗೆ ಕೂತಿರುತ್ತದೆ.

ಹಳೇ ಮೋಲ್ಡ್ ಇದ್ದವರಿಗೆ ಇನ್ನೊಂದು ಮಾತು. ಸಾದಾ ಪಿಪಿ 1.5ರಿಂದ 2% ಕುಗ್ಗುತ್ತದೆ, ಇದು ಅಷ್ಟು ಕುಗ್ಗಲ್ಲ. ನಮ್ಮ ಕುಂಡ ದೊಡ್ಡದಾಗಿ ಬಂದು, ಸಾದಾ ಪಿಪಿಯ ಅಡಿ ತಟ್ಟೆಯಲ್ಲಿ ಕೂರಲೇ ಇಲ್ಲ, ತಟ್ಟೆಯನ್ನೂ ಇದರಲ್ಲೇ ಹೊಡೆಯಬೇಕಾಯಿತು. ಶಿಫ್ಟ್ ಮುಗಿದಾಗ ಬ್ಯಾರಲ್ಲನ್ನು ಸಾದಾ ಪಿಪಿಯಲ್ಲಿ ಪರ್ಜ್ ಮಾಡಿ, ಮೋಲ್ಡ್ ಒರೆಸಿ ತುಕ್ಕು ತಡೆಯುವ ಸ್ಪ್ರೇ ಹೊಡೆದು ಮುಚ್ಚಿ. ಆವಿಯ ಜೊತೆ ಹುಳಿ ಅನಿಲವೂ ಬರುತ್ತದೆ, ಸಾದಾ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ.