ಅಕ್ಷರವಿಲ್ಲದ ವೀರಗಲ್ಲುಗಳನ್ನು ನಾನು ದಾಖಲಿಸಿದ ಬಗೆ

ಶಾಸನತಜ್ಞ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಬೇಲೂರು, ಹಳೇಬೀಡಿನ ಆಸುಪಾಸಿನಲ್ಲಿ ಕೆಲಸ ಮಾಡುವ ನಮಗೆ ಇಂದಿಗೂ ಅದೇ ಆಧಾರ. ಆದರೆ ಅದು ಬರಹವಿರುವ ಕಲ್ಲುಗಳ ಸಂಪುಟ. ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ನಿಂತಿರುವ ಅಕ್ಷರವಿಲ್ಲದ ವೀರಗಲ್ಲುಗಳು ಜನರ ಬದುಕಿನ ಬಗ್ಗೆ ಏನು ಹೇಳಬಲ್ಲವು ಎಂಬುದನ್ನು ತಿಳಿಯಲು ನಾನು ಬೇಲೂರು ತಾಲ್ಲೂಕಿನ ಕೆಲವು ಊರುಗಳನ್ನು ಆರಿಸಿಕೊಂಡೆ.

ಕಲ್ಲಿನ ಶಿಲ್ಪವನ್ನು ನೋಡುವುದಕ್ಕೆ ಮೊದಲು ಅದು ನಿಂತ ಜಾಗವನ್ನು ಬರೆದುಕೊಳ್ಳುವುದು ನನ್ನ ಕ್ರಮ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಭಾಗ ಮಣ್ಣಿನಲ್ಲಿ ಹೂತಿದೆ, ಹತ್ತಿರದಲ್ಲಿ ಹಳೆಯ ದಾರಿಯೋ ಹಾಳೂರಿನ ದಿಬ್ಬವೋ ಇದೆಯೇ ಎಂಬುದನ್ನೆಲ್ಲ ನಕ್ಷೆಯಲ್ಲಿ ಗುರುತಿಸುತ್ತೇನೆ. ಆದರೂ ಕಲ್ಲು ಈಗ ಇರುವಲ್ಲಿಯೇ ಮೊದಲಿನಿಂದ ಇತ್ತೆಂದು ನಂಬುವಂತಿಲ್ಲ. ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಕಲ್ಲುಗಳನ್ನು ಅಳೆಯುತ್ತಿದ್ದಾಗ ಒಬ್ಬ ಅಜ್ಜಿ, “ಇದು ಏರಿ ಮೇಲಿತ್ತು ಕಣಪ್ಪ, ನಮ್ಮ ಮಾವನವರು ಗಾಡಿ ಕಟ್ಟಿ ತಂದಿದ್ದು” ಎಂದರು. ಆ ಒಂದು ಮಾತಿನಿಂದ ಕಲ್ಲಿನ ಮೂಲ ನೆಲೆ ತಿಳಿಯಿತು. ಏರಿಯ ಮೇಲೆ ಹೋಗಿ ಆ ಜಾಗವನ್ನೂ ನಕ್ಷೆಗೆ ಸೇರಿಸಿದೆ.

ಅನಂತರ ಕಲ್ಲಿನ ಜಾತಿ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಬಳಸಿದ ಬಳಪದ ಕಲ್ಲು ನುಣುಪಾದ ಕೆತ್ತನೆಗೆ ಒಗ್ಗುತ್ತದೆ. ಅಂಥ ಕಲ್ಲು ಸಿಗದ ಊರಿನಲ್ಲಿ ಅದರ ವೀರಗಲ್ಲು ಕಂಡರೆ, ಅದನ್ನು ಹೊರಗಿನಿಂದ ಸಾಗಿಸಿದವರು ಯಾರು, ವೆಚ್ಚವನ್ನು ಭರಿಸಿದವರು ಯಾರು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಶಿಲ್ಪವನ್ನು ಓದುವಾಗ ಹೆಚ್ಚಿನ ಎಚ್ಚರ ಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರರು ಇರುತ್ತಾರೆ. ಇದು ಶಿಲ್ಪಿಗಳು ರೂಢಿಯಂತೆ ಕೆತ್ತುತ್ತಿದ್ದ ಮಾದರಿಯಾದ್ದರಿಂದ, ಕೆತ್ತಿದ ಬಿಲ್ಲನ್ನು ಕಂಡು ಸತ್ತವನು ಬಿಲ್ಲುಗಾರನೇ ಆಗಿದ್ದನೆಂದು ಹೇಳಲಾಗದು. ಸುತ್ತಲಿನ ಊರುಗಳ ಕಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲದರಲ್ಲಿಯೂ ಮರುಕಳಿಸುವುದು ಯಾವುದು, ಒಂದರಲ್ಲಿ ಮಾತ್ರ ಬೇರೆಯಾದದ್ದು ಯಾವುದು ಎಂಬುದು ತಿಳಿಯುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಕಂಡರೆ ಅದು ತುರುಗೋಳಿನ, ಅಂದರೆ ದನಗಳನ್ನು ಸೆರೆಹಿಡಿದೊಯ್ಯುವ ದಾಳಿಯ ನೆನಪು. ದನವೇ ಸಂಪತ್ತಾಗಿದ್ದ ಸಮಾಜ ಅಲ್ಲಿ ಕಾಣಿಸುತ್ತದೆ. ಇಂಥ ವಿವರಗಳನ್ನು ಸಂಜೆಯ ಓರೆಬಿಸಿಲಿನಲ್ಲಿಯೇ ಛಾಯಾಚಿತ್ರ ತೆಗೆಯಬೇಕು. ಗೆರೆ ಎದ್ದು ಕಾಣಲೆಂದು ಸುಣ್ಣವನ್ನೋ ಹಿಟ್ಟನ್ನೋ ಬಳಿಯಬಾರದು.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಸವೆತದ ಗುರುತುಗಳು. ಕುಡುಗೋಲು ಮಸೆದ ಗುಳಿ, ಎಣ್ಣೆಯ ಕಪ್ಪು, ಅರಿಶಿನ ಕುಂಕುಮದ ಪದರ, ಬಟ್ಟೆ ಒಗೆದು ನುಣುಪಾದ ಬೆನ್ನು ಇವೆಲ್ಲವನ್ನೂ ಹಾನಿಯೆಂದು ಬರೆದು ಮುಗಿಸುವುದು ಸರಿಯಲ್ಲ. ಕಲ್ಲನ್ನು ನಿಲ್ಲಿಸಿದವರಿಗೆ ಅದು ಸತ್ತವನ ಕೀರ್ತಿಯಾಗಿತ್ತು, ಅವನ ಹೆಸರು ಮರೆತವರಿಗೆ ದೇವರಾಯಿತು, ಇನ್ನು ಕೆಲವರಿಗೆ ನಿತ್ಯ ಬಳಕೆಯ ಕಲ್ಲಾಯಿತು. ಈ ಮೂರೂ ಸಂಬಂಧಗಳು ಪುರಾತತ್ತ್ವದ ವಿಷಯವೇ. ಆದ್ದರಿಂದ ಪ್ರತಿ ಗುರುತು ಎಲ್ಲಿದೆ, ಯಾವುದರ ಮೇಲೆ ಯಾವುದು ಬಂದಿದೆ ಎಂದು ಅಳತೆಯ ಚಿತ್ರದಲ್ಲಿ ತೋರಿಸುತ್ತೇನೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಎನಾಮೆಲ್ ಬಣ್ಣ ಬಳಿದರೆ ಈ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ಅದಕ್ಕಾಗಿ ನನ್ನ ದಾಖಲೆಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡುತ್ತಿದ್ದೇನೆ, ಗುಡಿಯ ಕೆಲಸ ಶುರುವಾಗುವ ಮುನ್ನ ಊರ ಹಿರಿಯರೊಂದಿಗೆ ಕುಳಿತು ಮಾತನಾಡುತ್ತಿದ್ದೇನೆ.