ಮೈನಸ್ ನಾಲ್ಕೂವರೆಗೆ ಸೈಕ್ಲಿಂಗ್ ಕನ್ನಡಕ: ನನ್ನ ಅನುಭವ

ಮೈನಸ್ ನಾಲ್ಕೂವರೆ ಪವರ್ ಇದ್ದರೆ ಬಾಗಿದ ಸ್ಪೋರ್ಟ್ಸ್ ಫ್ರೇಮಿಗೆ ನೇರವಾಗಿ ಪವರ್ ಲೆನ್ಸ್ ಕೂರಿಸಲು ಆಗುವುದೇ ಇಲ್ಲ ಎಂದು ಮೈಸೂರಿನ ಮೂರ್ನಾಲ್ಕು ಅಂಗಡಿಗಳಲ್ಲಿ ಹೇಳಿದ್ದರು. ನಮ್ಮ ಸೈಕಲ್ ಗುಂಪಿನವರದೂ ಅದೇ ಮಾತು. ‘ಸುಮ್ನೆ ದುಡ್ಡು ಕಳೀಬೇಡ, ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೋ’ ಅಂದರು. ಈಗ ಅದೇ ಗುಂಪಿನ ಮೂವರು ನನ್ನದನ್ನು ನೋಡಿ ಅದೇ ರೀತಿ ಮಾಡಿಸಿಕೊಂಡಿದ್ದಾರೆ. ನನ್ನ ಜೋಡಿ ಎರಡು ಮಳೆಗಾಲ ಕಂಡಿದೆ. 300 ಕಿಲೋಮೀಟರ್ ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಕೂಡ ಅದರಲ್ಲೇ ಮುಗಿಸಿದೆ.

ನನ್ನ ನಂಬರ್ ಹೇಳಿಬಿಡುತ್ತೇನೆ. ಎರಡೂ ಕಣ್ಣಿಗೆ ಮೈನಸ್ 4.5ರ ಆಸುಪಾಸು, ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ತಿದ್ದುವ ಪವರ್) ಒಂದೂಕಾಲು. ವಯಸ್ಸು ನಲವತ್ತೈದು ದಾಟಿದೆ, ಹಾಗಾಗಿ ಓದಲು ಅದರ ಮೇಲೆ ಪ್ಲಸ್ 1.5 ಬೇಕು. ಮೈನಸ್ ಎರಡರ ಒಳಗೆ ಇದ್ದು ಸಿಲಿಂಡರ್ ಇಲ್ಲದವರಿಗೆ ಇಷ್ಟೆಲ್ಲ ತಲೆನೋವು ಇಲ್ಲ. ಅವರು ಯಾವ ಒಳ್ಳೆ ಅಂಗಡಿಗೆ ಹೋದರೂ ನಡೆಯುತ್ತದೆ.

ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದೆ. ಸಿಲಿಂಡರ್ ಇರುವುದರಿಂದ ಅದನ್ನೂ ತಿದ್ದುವ ಟೋರಿಕ್ ಲೆನ್ಸ್ ಬೇಕು. ಒಂದೇ ದಿನ ಬಳಸಿ ಬಿಸಾಡುವ ಜೋಡಿಗೆ ಆಗ ನೂರೈವತ್ತರಿಂದ ಇನ್ನೂರು ರೂಪಾಯಿ ಬೀಳುತ್ತಿತ್ತು. ವಾರಕ್ಕೆ ನಾಲ್ಕು ದಿನ ಸೈಕಲ್ ಹತ್ತಿದರೆ ವರ್ಷಕ್ಕೆ ಮೂವತ್ತೈದು ಸಾವಿರದ ಹತ್ತಿರ ಆಗುತ್ತಿತ್ತು. ದುಡ್ಡಿಗಿಂತ ಗಾಳಿಯ ಕಾಟವೇ ಜಾಸ್ತಿ. ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೋಗುವಾಗ ಬಯಲಿನಲ್ಲಿ ಎದುರುಗಾಳಿ ಹೊಡೆದರೆ ಕಣ್ಣು ಒಣಗಿ, ಲೆನ್ಸ್ ಸ್ವಲ್ಪ ತಿರುಗಿ, ಎದುರಿನದೆಲ್ಲ ಮಸುಕು. ನಾಲ್ಕೈದು ಸಲ ಕಣ್ಣು ಮಿಟುಕಿಸಿದ ಮೇಲೆ ಸರಿಯಾಗುತ್ತದೆ. ಅಷ್ಟರಲ್ಲಿ ಹಂಪ್ ಬಂದೇ ಬಿಟ್ಟಿರುತ್ತದೆ. ಲಾರಿ ಎಬ್ಬಿಸಿದ ಧೂಳು ಲೆನ್ಸಿನ ಕೆಳಗೆ ಸೇರಿದರೆ ರಸ್ತೆ ಬದಿಯಲ್ಲಿ ನಿಂತು, ಚೈನ್ ಮುಟ್ಟಿದ ಬೆರಳಲ್ಲೇ ತೆಗೆಯಬೇಕು. ಅದು ಕಣ್ಣಿಗೆ ಅಪಾಯ. ಕಣ್ಣು ಒಣಗದವರಿಗೆ, ವಾರಕ್ಕೊಮ್ಮೆ ಮಾತ್ರ ಹೊರಡುವವರಿಗೆ ಇದೇ ಸಾಕು ಎಂದು ಈಗಲೂ ಹೇಳುತ್ತೇನೆ.

ಆಮೇಲೆ ಇನ್ಸರ್ಟ್. ಹೊರಗೆ ಸಾಧಾರಣ ಸೈಕ್ಲಿಂಗ್ ಗ್ಲಾಸ್, ಒಳಗೆ ಮೂಗಿನ ಹತ್ತಿರ ಕ್ಲಿಪ್ ಆಗುವ ಪುಟ್ಟ ಪವರ್ ಫ್ರೇಮು. ಎಲ್ಲ ಸೇರಿ ಐದು ಸಾವಿರದ ಒಳಗೆ ಮುಗಿಯಿತು. ಬಯಲಿನಲ್ಲಿ ಪರವಾಗಿಲ್ಲ. ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ಹತ್ತುವಾಗ ಅದರ ಬಣ್ಣ ಬಯಲಾಯಿತು. ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ ಗಾಳಿ ಆಡುವುದಿಲ್ಲ, ಮೈಯೆಲ್ಲ ಬೆವರು. ಎರಡು ಲೆನ್ಸ್ ಅಂದರೆ ಮಂಜು ಕೂರಲು ನಾಲ್ಕು ಮುಖ. ಹೊರಗಿನದನ್ನು ಒರೆಸಿಕೊಳ್ಳಬಹುದು, ನಡುವಿನದನ್ನು ಬಿಚ್ಚದೆ ಒರೆಸಲಾಗುವುದಿಲ್ಲ. ಜೊತೆಗೆ ರೆಪ್ಪೆಗೂದಲು ತಾಗಿ ತಾಗಿ ಲೆನ್ಸಿಗೆ ಜಿಡ್ಡು. ಕೆಟ್ಟ ರಸ್ತೆಯಲ್ಲಿ ಇನ್ಸರ್ಟ್ ಕುಣಿಯುತ್ತದೆ, ಅದರ ಜೊತೆ ರಸ್ತೆಯೂ ಕುಣಿಯುತ್ತದೆ.

ಮೂರನೆಯದಕ್ಕೆ ಒಂಬತ್ತು ಸಾವಿರ ಹೋಯಿತು. ದೊಡ್ಡದಾಗಿ ಬಾಗಿದ 8 ಬೇಸ್ (ಬೇಸ್ ಅಂದರೆ ಬಾಗಿನ ಅಳತೆ) ಫ್ರೇಮು, ಅದಕ್ಕೇ ಪಾಲಿಕಾರ್ಬೊನೇಟ್ ಪವರ್ ಲೆನ್ಸ್. ಅಂಚು ಎಂಟು ಮಿಲಿಮೀಟರ್ ದಪ್ಪ ಬಂತು. ತಲೆ ತಿರುಗಿಸಿದರೆ ನೆಲ ತೇಲಿದ ಹಾಗೆ ಕಾಣುತ್ತಿತ್ತು. ಅಂಗಡಿಯವರು ಮಾಮೂಲಿ ಕನ್ನಡಕದ ನಂಬರನ್ನೇ ಲ್ಯಾಬಿಗೆ ಕಳಿಸಿದ್ದರು. ಲೆನ್ಸ್ ಇಪ್ಪತ್ತು ಡಿಗ್ರಿ ಓರೆಯಾಗಿ ಕೂತರೆ ಮೈನಸ್ 4.5ಕ್ಕೆ ಸುಮಾರು 0.2 ಜಾಸ್ತಿ ಪವರ್, ಮೇಲೆ 0.6ರಷ್ಟು ಬೇಡದ ಸಿಲಿಂಡರ್ ತಾನೇ ಸೇರಿಕೊಳ್ಳುತ್ತದೆ. ಅದನ್ನು ಕಳೆದು ನಂಬರ್ ಬರೆಯಬೇಕು. ಲ್ಯಾಬಿನವರು ಅದಕ್ಕೆ ಕಾಂಪೆನ್ಸೇಷನ್ ಅನ್ನುತ್ತಾರೆ. ಹಣ ಕೊಡುವ ಮೊದಲು ‘ಫ್ರೇಮಿನ ಬಾಗು ಅಳೆದು ಲ್ಯಾಬಿಗೆ ಕಳಿಸ್ತೀರಾ?’ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ನಂಬರ್ ತಿದ್ದಿಸಿದರೂ ಇನ್ನೊಂದು ತೊಂದರೆ ಉಳಿದಿತ್ತು. ಅದನ್ನು ಯಾರೂ ಹೇಳಿರಲಿಲ್ಲ, ನಾನೇ ಕಂಡುಕೊಂಡೆ. ಅಂಗಡಿಯಲ್ಲಿ ನಮ್ಮನ್ನು ಕುರ್ಚಿಯಲ್ಲಿ ನೇರ ಕೂರಿಸಿ ಲೆನ್ಸಿನ ಮೇಲೆ ಕಣ್ಣಿನ ನೇರಕ್ಕೆ ಗುರುತು ಹಾಕುತ್ತಾರೆ. ಸೈಕಲ್ ಮೇಲೆ ನಾವು ಹಾಗೆ ಕೂರುವುದಿಲ್ಲ, ಅಲ್ವಾ? ಡ್ರಾಪ್ಸ್ (ಹ್ಯಾಂಡಲಿನ ಕೆಳಗೆ ಬಾಗಿದ ಭಾಗ) ಹಿಡಿದು ಬಗ್ಗಿದರೆ ತಲೆ ಕೆಳಗೆ, ನೋಟ ಮೇಲೆ. ರಸ್ತೆ ಕಾಣುವುದು ಲೆನ್ಸಿನ ಮೇಲಿನ ಅಂಚಿನಿಂದ. ಹೆಚ್ಚು ಮೈನಸ್ ಇದ್ದವರಿಗೆ ಆ ಅಂಚೇ ಅತಿ ಕೆಟ್ಟ ಜಾಗ. ರಾತ್ರಿ ಎದುರು ಬರುವ ಬಸ್ಸಿನ ದೀಪಕ್ಕೆ ಕೆಂಪು-ನೀಲಿ ಗೆರೆ ಕಾಣುತ್ತಿದ್ದುದು ಇದಕ್ಕೇ. ಪಾಲಿಕಾರ್ಬೊನೇಟ್‌ನ ಅಬ್ಬೆ ನಂಬರ್ 30. ಈ ನಂಬರ್ ಕಡಿಮೆ ಇದ್ದಷ್ಟೂ ಲೆನ್ಸ್ ಬಣ್ಣ ಒಡೆಯುವುದು ಜಾಸ್ತಿ. ಇನ್ನೊಂದು ಬಗೆಯ ಲೆನ್ಸ್ ಪ್ಲಾಸ್ಟಿಕ್ ಆದ ಟ್ರೈವೆಕ್ಸ್‌ನದು 43ರ ಮೇಲೆ, ಏಟಿಗೂ ಅಷ್ಟೇ ಗಟ್ಟಿ. ಇಂಡೆಕ್ಸ್ (ಬೆಳಕನ್ನು ಬಾಗಿಸುವ ಶಕ್ತಿ) 1.53 ಇರುವುದರಿಂದ ಸ್ವಲ್ಪ ದಪ್ಪ ಬರುತ್ತದೆ, ಅಷ್ಟೇ. 1.67 ಇಂಡೆಕ್ಸಿನದು ತೆಳ್ಳಗಿರುತ್ತದೆ ಎಂದು ಹಾಕಿಸಿಕೊಳ್ಳಬೇಡಿ. ಕಲ್ಲು ಸಿಡಿದರೆ ಅದು ಇವೆರಡರಷ್ಟು ತಡೆಯುವುದಿಲ್ಲ.

ಹಾಗಾಗಿ ಲೆನ್ಸಿಗಿಂತ ಮೊದಲು ಫ್ರೇಮ್ ಹುಡುಕಿದೆ. 6 ಬೇಸ್, ಒಂದು ಲೆನ್ಸಿನ ಅಗಲ 54 ಮಿಲಿಮೀಟರಿನ ಒಳಗೆ, ಮೇಲಿನ ಅಂಚು ಹುಬ್ಬಿಗಿಂತ ಮೇಲೆ. ಸಿಕ್ಕಿದ್ದು ಕಾರ್ಖಾನೆಯವರು ಬಳಸುವ ಸೇಫ್ಟಿ ಫ್ರೇಮು, ಸಾವಿರದ ಎಂಟುನೂರು ರೂಪಾಯಿ. ನೋಡಲು ಅಷ್ಟು ಚೆಂದವಿಲ್ಲ, ಕೆಲಸಕ್ಕೆ ಚಿನ್ನ. ಆಮೇಲೆ ಸೈಕಲ್ಲನ್ನೇ ಆಪ್ಟಿಶಿಯನ್ ಅಂಗಡಿಯ ಒಳಗೆ ಒಯ್ದೆ. ಒಬ್ಬ ಹುಡುಗ ಹಿಡಿದುಕೊಂಡ. ಹೆಲ್ಮೆಟ್ ಹಾಕಿ, ಹತ್ತಿ ಕೂತು, ಡ್ರಾಪ್ಸ್ ಹಿಡಿದು ಎದುರಿನ ರಸ್ತೆ ನೋಡಿದೆ. ಆಪ್ಟಿಶಿಯನ್ ಮಾರ್ಕರಿನಲ್ಲಿ ಡೆಮೋ ಲೆನ್ಸಿನ ಮೇಲೆ ಚುಕ್ಕೆ ಇಟ್ಟರು. ನೇರ ಕೂತಾಗಿನ ಚುಕ್ಕೆಗಿಂತ ಅದು ಆರೇಳು ಮಿಲಿಮೀಟರ್ ಮೇಲಿತ್ತು! ಹುಡ್ಸ್ (ಬ್ರೇಕ್ ಲಿವರಿನ ಮೇಲ್ಭಾಗ) ಹಿಡಿದಾಗಿನದು ನಡುವೆ ಎಲ್ಲೋ ಬಂತು. ಲೆನ್ಸಿನ ಸೆಂಟರನ್ನು ಈ ಮೂರರಲ್ಲಿ ಎಲ್ಲಿ ಇಡಿಸಿದೆ ಎಂಬ ಲೆಕ್ಕ ನನ್ನ ಬಳಿಯೇ ಇರಲಿ. ನಿಮ್ಮ ಸೈಕಲ್ ಫಿಟ್ ಬೇರೆ, ಕುತ್ತಿಗೆ ಬೇರೆ. ಮೂರೂ ಚುಕ್ಕೆ ಹಾಕಿಸಿ, ಉತ್ತರ ಅಲ್ಲೇ ಕಾಣುತ್ತದೆ.

ಟ್ರೈವೆಕ್ಸ್, ಫೋಟೋಕ್ರೋಮಿಕ್ (ಬಿಸಿಲಿಗೆ ತಾನೇ ಕಪ್ಪಾಗುವ ಬಗೆ), ಆ್ಯಂಟಿ ರಿಫ್ಲೆಕ್ಷನ್ ಸೇರಿ ಒಂಬತ್ತೂವರೆ ಸಾವಿರ ಆದ ನೆನಪು. ಫ್ರೇಮೂ ಸೇರಿದರೆ ಹನ್ನೊಂದು ಚಿಲ್ಲರೆ. ಅಂಚು ಐದಾರು ಮಿಲಿಮೀಟರಿಗೆ ಇಳಿಯಿತು. ಮೊದಲ ದಿನವೇ ಬಗ್ಗಿ ಹೋಗುವಾಗ ದೂರದ ಗುಂಡಿ ಚೂಪಾಗಿ ಕಂಡಿತು. ‘ಆಗುವುದೇ ಇಲ್ಲ’ ಎಂದಿದ್ದ ಒಂದು ಅಂಗಡಿಗೆ ಹಾಕಿಕೊಂಡೇ ಹೋಗಿ ತೋರಿಸಿ ಬಂದೆ.

ಫೋಟೋಕ್ರೋಮಿಕ್ ಬಗ್ಗೆ ಒಂದು ಪ್ರಯೋಗ ಮಾಡಿದ್ದೆ. ಕನ್ನಡಕವನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಬಿಸಿಲಿಗೆ ಹಿಡಿದರೆ ಕಪ್ಪಗಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಅದೇ ಲೆನ್ಸ್ ಅಷ್ಟು ಕಪ್ಪಾಗುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಬಣ್ಣ ಕಡಿಮೆ. ಅದಕ್ಕೆ ಬೇಸಿಗೆಯಲ್ಲಿ ಹೆಲ್ಮೆಟ್ ಕೆಳಗೆ ಬಟ್ಟೆಯ ಕ್ಯಾಪ್ ಹಾಕುತ್ತೇನೆ. ಬಂಡೀಪುರದ ಹಾಗೆ ನೆರಳು-ಬಿಸಿಲು ಬೇಗ ಬದಲಾಗುವ ರಸ್ತೆಯಲ್ಲಿ ತಿಳಿಯಾಗಲು ಅದು ತಡ ಮಾಡುತ್ತದೆ, ಅದೊಂದು ಕೊರತೆ. ಹಾಗಂತ ಹೊಳಪು ತಡೆಯುವ ಪೋಲರೈಸ್ಡ್ ಲೆನ್ಸ್ ಬೇಡ. ಕೆಲವು ಸೈಕಲ್ ಕಂಪ್ಯೂಟರ್ (ಹ್ಯಾಂಡಲ್ ಮೇಲೆ ವೇಗ ತೋರಿಸುವ ಉಪಕರಣ) ಪರದೆ ಕಪ್ಪಾಗಿ ಕಾಣುತ್ತದೆ. ಒದ್ದೆ ರಸ್ತೆಯ ಹೊಳಪು ಕೂಡ ಮಾಯವಾಗುತ್ತದೆ. ಎಣ್ಣೆ ಚೆಲ್ಲಿದ್ದು ನಮಗೆ ಗೊತ್ತಾಗುವುದೇ ಆ ಹೊಳಪಿನಿಂದ.

ಸೈಕಲ್ ಕಂಪ್ಯೂಟರ್ ಓದಲು ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕಿಸಲಿಲ್ಲ. ಬಾಗಿದ ಲೆನ್ಸಿನಲ್ಲಿ ಅದರ ಬದಿಯ ಮಸುಕು ಇನ್ನೂ ಹೆಚ್ಚುತ್ತದೆ. ನೀರು ಹಚ್ಚಿ ಅಂಟಿಸುವ ಓದುವ ತುಂಡು ಸಿಗುತ್ತದೆ, ನಾನು ಕೊಂಡಾಗ ಜೋಡಿಗೆ ಸಾವಿರದ ಆಸುಪಾಸು ಇತ್ತು. ಕತ್ತರಿಯಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ ಬಲಗಣ್ಣಿನ ಕೆಳಮೂಲೆಗೆ ಮಾತ್ರ ಅಂಟಿಸಿದೆ. ಒಂದೇ ಕಣ್ಣಿಗೆ ಇದ್ದರೂ ವೇಗ, ಹೃದಯ ಬಡಿತ ಎರಡೂ ಓದಬಹುದು. ಮೊದಲನೆಯದು ಮಳೆಯಲ್ಲಿ ಎಲ್ಲೋ ಬಿದ್ದುಹೋಯಿತು. ಎರಡನೆಯದು ಬೀಳದ ಹಾಗೆ ಅಂಟಿಸಲು ಒಂದು ಉಪಾಯ ಸಿಕ್ಕಿದೆ. ಇನ್ನೊಂದು ಮಳೆಗಾಲ ತಡೆದರೆ ಅದನ್ನೂ ಬರೆಯುತ್ತೇನೆ.

ಮಂಜಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ತೆಳ್ಳಗೆ ಸವರಿ, ಮೆತ್ತನೆ ಬಟ್ಟೆಯಲ್ಲಿ ತೆಗೆದರೆ ಒಂದು ಸವಾರಿಗೆ ಬರುತ್ತದೆ. ಮೂಗಿನ ಪ್ಯಾಡ್‌ಗಳನ್ನು ಸ್ವಲ್ಪ ಹತ್ತಿರ ತಂದು ಕೆನ್ನೆಗೂ ಲೆನ್ಸಿಗೂ ನಡುವೆ ಗಾಳಿ ಬಿಟ್ಟಿದ್ದು ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ಧೂಳು ಕೂತ ಲೆನ್ಸನ್ನು ಮಾತ್ರ ಜೆರ್ಸಿಯಲ್ಲಿ ಒರೆಸಬೇಡಿ. ಬಾಟಲಿಯ ನೀರು ಹಾಕಿ ತೊಳೆದು, ಒದರಿ, ಹಾಗೇ ಹಾಕಿಕೊಳ್ಳಿ, ಗಾಳಿಗೆ ಒಣಗುತ್ತದೆ.